ಕೀ ತಿರುಗದಿದ್ದರೆ ಮೊದಲು ಪ್ಲೇಯರ್ ಕೆಳಗಿಡಿ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಭಾವನ ಮಾರುತಿ 800 ನಿಂತಿತ್ತು. ಅದರ ಕೀ ಅರ್ಧ ಭಾವನ ಕೈಯಲ್ಲಿ, ಇನ್ನರ್ಧ ಸ್ಟೀರಿಂಗ್ ಪಕ್ಕದ, ಕಾರು ಸ್ಟಾರ್ಟ್ ಮಾಡುವ ಲಾಕ್ ಒಳಗೆ. ಸೀಟಿನ ಮೇಲೆ ಕಟಿಂಗ್ ಪ್ಲೇಯರ್. "ಸ್ವಲ್ಪ ಬಿಗಿ ಇತ್ತು ಮಾರಾಯ, ಒಂಚೂರು ಜೋರು ಮಾಡಿದೆ ಅಷ್ಟೆ" ಎಂದರು. ಹೀಗೆ ಮುರಿದ ಕೀ ನಾನು ನೋಡಿದ್ದು ಅದು ಮೂರನೆಯದು.

800ರ ತಯಾರಿಕೆ ನಿಂತಿದ್ದು 2014ರಲ್ಲಿ. ನಮ್ಮ ಊರುಗಳಲ್ಲಿ ಓಡಾಡುವವೆಲ್ಲ ಅದಕ್ಕಿಂತ ಹಳೆಯವು. ಲಾಕ್ ಒಳಗೆ ಉಗುರಿನಷ್ಟು ತೆಳ್ಳಗಿನ ಲೋಹದ ಪ್ಲೇಟುಗಳಿರುತ್ತವೆ, ಪ್ರತಿ ಪ್ಲೇಟಿಗೂ ಕೂದಲೆಳೆಯಂಥ ಸ್ಪ್ರಿಂಗ್. ಸರಿಯಾದ ಕೀ ಹೋದರೆ ಎಲ್ಲ ಪ್ಲೇಟೂ ಒಂದೇ ಮಟ್ಟಕ್ಕೆ ಬರುತ್ತವೆ, ಕೀ ಕೂರುವ ಉರುಳೆ, ಅಂದರೆ ಸಿಲಿಂಡರ್, ತಿರುಗುತ್ತದೆ. ಬೇಸಿಗೆಯ ಕೆಂಪು ದೂಳು ಒಳಗೆ ಸೇರಿ, ಮಳೆಗಾಲದ ಥಂಡಿಗೆ ಕೆಸರಾದರೆ ಒಂದು ಪ್ಲೇಟು ಅಂಟಿಕೊಂಡರೂ ಸಾಕು, ಅಲ್ಲಿಗೆ ಮುಗಿಯಿತು.

ಮೊದಲು ಸ್ಟೀರಿಂಗ್ ನೋಡಿ. ಎಷ್ಟೋ ಸಲ ಲಾಕ್ ಕೆಟ್ಟೇ ಇರುವುದಿಲ್ಲ. ಇಳಿಜಾರಿನಲ್ಲಿ ಚಕ್ರ ತಿರುಗಿಸಿ, ಕಲ್ಲಿಗೆ ಒರಗಿಸಿ ನಿಲ್ಲಿಸಿದ್ದರೆ ಕೀ ತೆಗೆದಾಗ ಸ್ಟೀರಿಂಗನ್ನು ಹಿಡಿದಿಡುವ ಲಾಕಿನ ಗೂಟದ ಮೇಲೆ ಪೂರ್ತಿ ಭಾರ ಬಿದ್ದಿರುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಅಲ್ಲಾಡಿಸಿ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸ್ವಲ್ಪ ಸಡಿಲ ಇರುತ್ತದೆ. ಸಡಿಲ ಇರುವ ಕಡೆಗೆ ಹಿಡಿದುಕೊಂಡೇ ಕೀ ತಿರುಗಿಸಿ. ತಿರುಗಿತಾ? ಮುಂದೆ ಓದಬೇಕಿಲ್ಲ.

ತಿರುಗಲಿಲ್ಲ ಅಂದರೆ ಡೂಪ್ಲಿಕೇಟ್ ಕೀ ಹುಡುಕಿ. ಕಾರು ತಂದ ದಿನ ಬೀರುವಿನಲ್ಲಿಟ್ಟದ್ದು ಅಲ್ಲೇ ಇರುತ್ತದೆ. ಅದು ಸಲೀಸಾಗಿ ತಿರುಗಿದರೆ ತಪ್ಪು ಲಾಕಿನದ್ದಲ್ಲ, ಸವೆದ ಕೀಯದ್ದು. ಹೊಸ ಕೀ ಮಾಡಿಸುವಾಗ ಈ ಬೀರುವಿನ ಕೀಯನ್ನೇ ಕೊಡಿ. ಸವೆದದ್ದನ್ನು ಕೊಟ್ಟರೆ ಸವೆತವೂ ನಕಲಾಗುತ್ತದೆ. ಆರ್‌ಸಿ ಜೊತೆಗಿಟ್ಟುಕೊಂಡು ಹೋಗಿ, ಒಳ್ಳೆಯ ಕೀ ಮಾಡುವವರು ಕೇಳುತ್ತಾರೆ.

ಎರಡೂ ತಿರುಗಲಿಲ್ಲ ಅಂದರೆ ಈಗ ಶುರು ನಿಜವಾದ ಕೆಲಸ. ಎಲ್ಲರೂ ಕೆಡಿಸುವುದು ಇಲ್ಲೇ, ನಿಧಾನ ಓದಿ.

ಹತ್ತು ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ಮೈನಸ್ ವೈರು ಬಿಚ್ಚಿ. ಲಾಕಿನ ಹಿಂದೆಯೇ ಕರೆಂಟಿನ ಸ್ವಿಚ್ ಇದೆ, ನಾವು ಮುಂದೆ ಹೊಡೆಯುವ ಸ್ಪ್ರೇ ಬೆಂಕಿ ಹತ್ತುವಂಥದ್ದು. ಬಾಗಿಲು ತೆರೆದಿಡಿ, ಬೀಡಿ ಸೇದುವವರನ್ನು ಜಗಲಿಗೆ ಕಳಿಸಿ.

ಕೀ ರಂಧ್ರಕ್ಕೆ ಟಾರ್ಚ್ ಬಿಟ್ಟು ನೋಡಿ. ಪಂಕ್ಚರ್ ಅಂಗಡಿಯ ಗಾಳಿ ಸಿಕ್ಕಿದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಸೈಕಲ್ ಪಂಪ್. ದೂಳು ಹಾರಿದ ಮೇಲೆ ಬೇಗ ಆರುವ ಕಾಂಟ್ಯಾಕ್ಟ್ ಕ್ಲೀನರ್ (ಕರೆಂಟಿನ ಸ್ವಿಚ್ ಶುಚಿ ಮಾಡುವ) ಸ್ಪ್ರೇಯ ಕೊಳವೆ ಒಳಗಿಟ್ಟು ಒಂದೇ ಸೆಕೆಂಡು ಒತ್ತಿ. ಬಾಟಲಿ ಖಾಲಿ ಮಾಡಬೇಡಿ. ಆಮೇಲೆ ಕೀ ಹಾಕಿ, ತೆಗೆಯಿರಿ. ತಿರುಗಿಸಬೇಡಿ. ಸುಮ್ನೆ ಹಾಕುವುದು, ತೆಗೆಯುವುದು, ಬಿಳಿ ಬಟ್ಟೆಯಲ್ಲಿ ಒರೆಸುವುದು. ಕಪ್ಪು ಜಿಡ್ಡು ಬರುತ್ತದೆ. ಇಪ್ಪತ್ತು ಮೂವತ್ತು ಸಲ ಮಾಡಿ ಮತ್ತೊಂದು ಸೆಕೆಂಡು ಸ್ಪ್ರೇ. ಬಟ್ಟೆ ಬಿಳಿಯಾಗಿ ಉಳಿಯುವವರೆಗೂ ಇದೇ. ಬೇಜಾರಿನ ಕೆಲಸ, ಹೌದು. ಭಾವನವರು ಐದು ಸಲಕ್ಕೇ ಪ್ಲೇಯರ್ ತಂದದ್ದು ಅದಕ್ಕೇ.

ಕಾಲು ಗಂಟೆ ಆರಲಿ. ಈಗ ಕೀಯನ್ನು ಪೂರ್ತಿ ಹಾಕಿ, ಎರಡೇ ಬೆರಳಲ್ಲಿ ಹಿಡಿದು ತಿರುಗಿಸುವ ಕಡೆಗೆ ಸ್ವಲ್ಪ ಒತ್ತಡ ಕೊಡಿ. ಹೆಬ್ಬೆರಳು ನೋಯಿತು ಅಂದರೆ ಒತ್ತಡ ಜಾಸ್ತಿಯಾಯಿತು. ಹಾಗೇ ಹಿಡಿದುಕೊಂಡು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಲಾಕಿನ ಮುಖಕ್ಕೆ ಟಕ್ ಟಕ್ ತಟ್ಟಿ. ಮೊಟ್ಟೆ ಒಡೆಯುವಷ್ಟೇ ಜೋರು, ತೆಂಗಿನಕಾಯಿ ಒಡೆಯುವಷ್ಟಲ್ಲ. ಒತ್ತಡ ಬಿಡಿ, ಮತ್ತೆ ಕೊಡಿ, ಮತ್ತೆ ತಟ್ಟಿ. ಅಂಟಿದ ಪ್ಲೇಟು ಬಿಡುವುದು ಈ ಅದುರಿಗೆ, ತೋಳಿನ ಬಲಕ್ಕಲ್ಲ. ಇನ್ನೂ ಆಗದಿದ್ದರೆ ಕೀಯನ್ನು ಕೂದಲೆಳೆಯಷ್ಟು ಹೊರಗೆಳೆದು ಪ್ರಯತ್ನಿಸಿ. ಹಾಗೆ ತಿರುಗಿದರೆ ಕೀಯೋ ಪ್ಲೇಟುಗಳೋ ಸವೆದಿವೆ ಎಂದು ತಿಳಿಯಿರಿ.

ಎಣ್ಣೆಯ ವಿಷಯ ಹೇಳಲೇಬೇಕು. ನಮ್ಮ ಕಡೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಚ್ಚಲ ಒಲೆ ಪಕ್ಕ ಇಡುವವರು ಅದನ್ನೇ ಲಾಕಿಗೆ ಬಿಟ್ಟು, ಬೆಳಿಗ್ಗೆ ಕೀ ತಿರುಗಲಿಲ್ಲ ಅನ್ನುತ್ತಾರೆ! ಎಂಜಿನ್ ಆಯಿಲ್ಲೂ ಬೇಡ, ದೂಳು ಹಿಡಿಯುತ್ತದೆ. ಡಬ್ಲ್ಯೂಡಿ-40 ಸ್ಪ್ರೇಯ ಹೆಸರಿನಲ್ಲೇ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ನೀರು ಓಡಿಸುವುದು ಅಂತಿದೆ. ನೆನೆದ ಲಾಕಿಗೆ ಒಂದು ಸಲ ಆಗಬಹುದು, ಖಾಯಂ ಮದ್ದಲ್ಲ. ನನ್ನ ಆಯ್ಕೆ ಒಣ ಗ್ರಾಫೈಟ್ ಪುಡಿ. ಅದಿಲ್ಲದಿದ್ದರೆ ಮಕ್ಕಳ ಡ್ರಾಯಿಂಗ್ 6ಬಿ ಪೆನ್ಸಿಲ್ಲನ್ನು ಕೀ ಹಲ್ಲಿಗೆ ದಪ್ಪವಾಗಿ ಉಜ್ಜಿ, ಹತ್ತು ಸಲ ಹಾಕಿ ತೆಗೆಯಿರಿ. ಎಣ್ಣೆ ಇರುವ ಲಾಕಿಗೆ ಮಾತ್ರ ಗ್ರಾಫೈಟ್ ಹಾಕಬೇಡಿ, ಕಾಡಿಗೆಯಾಗುತ್ತದೆ.

ಇಷ್ಟಕ್ಕೆ ಎಷ್ಟೋ ಲಾಕ್‌ಗಳು ಸರಿಹೋಗುತ್ತವೆ. ಆಗದಿದ್ದರೆ ಬಿಚ್ಚಬೇಕು. ಕೆಲವು ಕಾರುಗಳಲ್ಲಿ ಕೀ ಒಂದು ಸಲವಾದರೂ ಎಸಿಸಿಗೆ (ರೇಡಿಯೊ ಮಾತ್ರ ಓಡುವ ಮೊದಲ ಗುರುತಿಗೆ) ತಿರುಗಿದರೆ, ಪಕ್ಕದ ಸಣ್ಣ ತೂತಿನಲ್ಲಿ ತೆಳು ಮೊಳೆ ಒತ್ತಿದರೆ ಸಿಲಿಂಡರ್ ಈಚೆ ಬರುತ್ತದೆ. ಹಳೆ ಮಾರುತಿಗಳಲ್ಲಿ ಹಾಗಲ್ಲ. ಲಾಕ್ ಪೂರ್ತಿ ತಲೆ ಇಲ್ಲದ ಬೋಲ್ಟಿನಲ್ಲಿ ಕೂತಿರುತ್ತದೆ, ಕಳ್ಳರು ಬಿಚ್ಚಬಾರದು ಅಂತ. ಪಂಚ್ ಇಟ್ಟು ಬೋಲ್ಟಿನ ಅಂಚಿಗೆ ಹೊಡೆದು ಎಡಕ್ಕೆ ತಿರುಗಿಸಬೇಕು. ಅದನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನ ಯಾರಾದರೂ ಮೆಕ್ಯಾನಿಕ್‌ಗೆ ಬಿಡಿ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇರುವ ಕಾರನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ.

ಸಿಲಿಂಡರ್ ಕೈಗೆ ಬಂದರೆ ಅಡಿಕೆ ಹಾಳೆಯ ಮೇಲಿಟ್ಟು, ಕೀ ಒಳಗಿರುವಾಗಲೇ ಫೋಟೊ ತೆಗೆಯಿರಿ. ಎಲ್ಲ ಪ್ಲೇಟೂ ಸಮ ಇರಬೇಕು. ಎದ್ದು ನಿಂತಿರುವುದೇ ಕಳ್ಳ. ಕೀ ಎಳೆದರೆ ಸ್ಪ್ರಿಂಗ್ ಹಾರೀತು, ಅಂಗೈ ಅಡ್ಡ ಇರಲಿ. ಆ ಪ್ಲೇಟನ್ನು ಅರದಲ್ಲಿ ಉಜ್ಜುವವರೂ ಇದ್ದಾರೆ, ಕಿತ್ತೇ ಬಿಡುವವರೂ ಇದ್ದಾರೆ. ಹಾಗೆ ಒಂದೊಂದಾಗಿ ಕಿತ್ತರೆ ನಾಳೆ ಸ್ಕ್ರೂಡ್ರೈವರಿಗೂ ಕಾರು ಸ್ಟಾರ್ಟ್ ಆಗುತ್ತದೆ. ಲಾಕ್ ಬಿಟ್ಟು ಡ್ಯಾಶ್‌ಬೋರ್ಡಿಗೆ ಬಟನ್ ಹಾಕಿಕೊಡುತ್ತೇನೆ ಎನ್ನುವವರಿಗೂ ಬೇಡ ಎನ್ನಿ. ಎಂಜಿನ್ ಓಡುತ್ತಿದ್ದರೂ ಕೀ ಇಲ್ಲದೆ ಸ್ಟೀರಿಂಗ್ ಲಾಕ್ ಬೀಳಬಹುದು.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ, ಅಷ್ಟೆ.

ಬ್ಯಾಟರಿ ಕೊಟ್ಟು ಅಂಗಳದಲ್ಲೇ ಪರೀಕ್ಷೆ ಮಾಡಿ. ಸ್ಟಾರ್ಟ್ ಆದ ಕೂಡಲೇ ಕೀ ತಾನಾಗಿ ಹಿಂದೆ ಬರಬೇಕು. ಬರದೆ ಅಲ್ಲೇ ಕೂತರೆ ಸ್ಟಾರ್ಟರ್ ಮೋಟಾರ್ ಸುಡುತ್ತದೆ. ಇನ್ನೊಂದು: ಎಂಜಿನ್ ಓಡುವಾಗ, ಗೇರಿಲ್ಲದೆ, ಹ್ಯಾಂಡ್ ಬ್ರೇಕ್ ಹಾಕಿ ಕೀಯನ್ನು ಮೆಲ್ಲಗೆ ಎಳೆದು ನೋಡಿ. ಈಚೆ ಬಂದರೆ ಕೀಯೋ ಪ್ಲೇಟುಗಳೋ ಸವೆದಿವೆ, ಬೀರುವಿನ ಕೀಯೂ ಹಾಗೇ ಬಂದರೆ ಹೊಸ ಲಾಕ್ ಸೆಟ್ಟೇ ಗತಿ. ಆಗುಂಬೆ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವವರು ಇದನ್ನು ಎರಡು ಸಲ ಓದಲಿ. ಬ್ರೇಕಿನ ಬಲ ಮೊದಲೇ ಕಡಿಮೆಯಾಗಿರುತ್ತದೆ, ಕೀಯೂ ಜಾರಿ ಬಿದ್ದರೆ ತಿರುವಿನಲ್ಲಿ ಸ್ಟೀರಿಂಗೂ ಬಿಗಿದುಕೊಳ್ಳಬಹುದು.

ಕೀಗೊಂಚಲಿನಿಂದ ಮನೆ ಕೀ, ಪಂಪ್‌ಸೆಟ್ ಶೆಡ್ಡಿನ ಕೀ, ಬೈಕ್ ಕೀ ಎಲ್ಲ ತೆಗೆಯಿರಿ. ಆ ಭಾರ ದಿನವೂ ಜೋತಾಡಿ ಲಾಕನ್ನು ಸವೆಸುತ್ತದೆ. ಭಾವನವರು ತೆಗೆದಿದ್ದಾರೆ. ಪ್ಲೇಯರ್ ಮಾತ್ರ ಇನ್ನೂ ಕಾರಿನಲ್ಲೇ ಇದೆ.