ಡಿಸೆಂಬರ್ 31ರ ಗ್ರಹಣ: ಕಾಫಿ ಕಣದಲ್ಲಿ ಕೂತು ನೋಡುವ ಬಗೆ

2028ರ ಡಿಸೆಂಬರ್ 31ರ ರಾತ್ರಿಗೆ ಚಿಕ್ಕಮಗಳೂರಿನ ಹೋಂಸ್ಟೇಗಳು ಎಂದಿನಂತೆ ತುಂಬಿರುತ್ತವೆ. ಆದರೆ ಆವತ್ತು ನೋಡುವಂಥದ್ದು ನಡೆಯುವುದು ಆಕಾಶದಲ್ಲಿ. ಅದು ಖಗ್ರಾಸ ಚಂದ್ರಗ್ರಹಣ, ಅದೂ ಮಕ್ಕಳಿನ್ನೂ ಎದ್ದಿರುವ ಹೊತ್ತಿನಲ್ಲಿ. ಇದಕ್ಕೆ ಸೂರ್ಯಗ್ರಹಣದ ಹಾಗೆ ಕಪ್ಪು ಕನ್ನಡಕ ಬೇಡ, ಬರಿಗಣ್ಣು ಸಾಕು. ಮೂರೂವರೆ ಗಂಟೆ ಕೂರುವ ವ್ಯವಧಾನ ಮಾತ್ರ ಬೇಕು.

ಅದೇ ವರ್ಷ ಜುಲೈ 6ರ ರಾತ್ರಿ ಪಾರ್ಶ್ವ ಗ್ರಹಣವೂ ಇದೆ. ಕಡೂರು, ಅರಸೀಕೆರೆ ಕಡೆಯವರು ಅದೃಷ್ಟ ಪರೀಕ್ಷಿಸಬಹುದು. ಪುನರ್ವಸು ಮಳೆಯ ಕಾಲದಲ್ಲಿ ಮಲೆನಾಡಿನವರು ಆ ಆಸೆ ಬಿಡುವುದೇ ವಾಸಿ.

ಜಾಗ

ಮುಳ್ಳಯ್ಯನಗಿರಿಗೆ ಹೋಗೋಣ ಎನ್ನುವವರು ಒಬ್ಬರಾದರೂ ಇರುತ್ತಾರೆ. ಬೇಡ. ಗ್ರಹಣ ಪೂರ್ಣವಾಗುವಾಗ ಚಂದ್ರ ಪೂರ್ವದಲ್ಲಿ ಬಹಳ ಮೇಲೇರಿರುತ್ತಾನೆ, ಬೆಟ್ಟ ಹತ್ತಿದರೆ ಹೆಚ್ಚೇನೂ ಕಾಣುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ರಾತ್ರಿ ತೋಟದ ದಾರಿಯಲ್ಲಿ ಓಡಾಡಿದರೆ ಆನೆ ಎದುರಾಗಬಹುದು. ಮನೆ ಮುಂದಿನ ಕಣವೇ ಸರಿ. ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಇರುತ್ತದೆ. ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ ಮೂಲೆಯಲ್ಲಿ ಚಾಪೆಗೆ ಜಾಗ ಸಿಕ್ಕರೆ ಸಾಕು. ಮಲಗಿಯೇ ನೋಡಿ, ಕತ್ತು ಉಳಿಯುತ್ತದೆ. ಇಬ್ಬನಿ ಬೀಳುವುದರಿಂದ ಕಂಬಳಿ ಇರಲಿ. ಅಂಗಳದ ದೀಪ ಆರಿಸಿ.

ಅಜ್ಜಿ ಒಳಗಿದ್ದು, ನೀರಿನ ಪಾತ್ರೆಗೆ ದರ್ಭೆ ಹಾಕಿ, ಊಟ ಬೇಗ ಮುಗಿಸಿ ಎಂದರೆ ವಾದಕ್ಕೆ ಇಳಿಯಬೇಡಿ. ಗ್ರಹಣದಿಂದ ಅನ್ನ ಕೆಡುವುದಿಲ್ಲ, ನಿಜ. ಆದರೆ ಬೇಗ ಉಂಡರೆ ನಿಮಗೂ ಅನುಕೂಲವೇ. ಈ ಸೀಮೆಯ ಹಳೆಯ ದಾನಶಾಸನಗಳಲ್ಲೂ ‘ಸೋಮಗ್ರಹಣ’ದಂದು ಭೂಮಿ ಕೊಟ್ಟ ಉಲ್ಲೇಖ ಸಿಗುತ್ತದೆ. ಗ್ರಹಣದ ದಿನವನ್ನು ನೆನಪಿಟ್ಟುಕೊಳ್ಳುವ ರೂಢಿ ಇಲ್ಲಿ ಹಳೆಯದು.

ಹೊತ್ತು ಹೊತ್ತಿಗೆ

8.15ರ ಸುಮಾರಿಗೆ ಚಂದ್ರನ ಒಂದು ಅಂಚು ಮಾಸಿದಂತೆ ಕಾಣುತ್ತದೆ. 8.37ಕ್ಕೆ ಭೂಮಿಯ ಗಾಢ ನೆರಳು ಕಚ್ಚಲು ಶುರು. ಆ ನೆರಳಿನ ಅಂಚು ಬಾಗಿರುವುದನ್ನು ಮಕ್ಕಳಿಗೆ ತೋರಿಸಿ. ಭೂಮಿ ಗುಂಡಗಿದೆ ಎಂಬುದಕ್ಕೆ ಅರಿಸ್ಟಾಟಲ್ ಕೊಟ್ಟ ಪುರಾವೆ ಇದೇ.

ಇಲ್ಲಿಂದ ಚಂದ್ರನನ್ನೇ ದಿಟ್ಟಿಸಬೇಡಿ, ಸುತ್ತಲೂ ನೋಡಿ. ಹುಣ್ಣಿಮೆ ಬೆಳಕಿನಲ್ಲಿ ಕಣದ ಮೇಲೆ ಬಿದ್ದಿದ್ದ ನಿಮ್ಮ ನೆರಳು ಮೆಲ್ಲಗೆ ಅಳಿಯುತ್ತದೆ. 9.46ಕ್ಕೆ ಗ್ರಹಣ ಪೂರ್ಣ. ಅಷ್ಟರಲ್ಲಿ ಬೆಳದಿಂಗಳಲ್ಲಿ ಮುಳುಗಿದ್ದ ನಕ್ಷತ್ರಗಳು ಒಂದೊಂದಾಗಿ ಹೊರಬಂದು ಕೃತ್ತಿಕೆ, ರೋಹಿಣಿ, ಮಹಾವ್ಯಾಧ, ಲುಬ್ಧಕ ಎಲ್ಲವೂ ಕಾಣುತ್ತವೆ. ಹುಣ್ಣಿಮೆಯ ರಾತ್ರಿಯೇ ಅಮಾವಾಸ್ಯೆಯ ಆಕಾಶ ಸಿಗುವುದು ಹೀಗೆ, ಸುಮಾರು 70 ನಿಮಿಷ.

ಚಂದ್ರ ಆಗ ಪೂರ್ತಿ ಮಾಯವಾಗುವುದಿಲ್ಲ, ಕೆಂಪಾಗುತ್ತಾನೆ. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ ಬರುವ ಕೆಂಪು ಬೆಳಕು, ಅಂದರೆ ಆ ಗಳಿಗೆಯಲ್ಲಿ ಭೂಮಿಯ ಸುತ್ತ ನಡೆಯುತ್ತಿರುವ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಬೆಳಕು, ಅವನ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಧೂಳಿದ್ದರೆ ಬಣ್ಣ ಕಂದುತ್ತದೆ. 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ, 1992ರ ಡಿಸೆಂಬರ್ ಗ್ರಹಣದಲ್ಲಿ ಚಂದ್ರ ಕಾಣುವುದೇ ಕಷ್ಟವಾಗಿತ್ತು. ಸೊನ್ನೆಯಿಂದ ನಾಲ್ಕರವರೆಗಿನ ಡ್ಯಾಂಜನ್ ಮಾಪನದಲ್ಲಿ ಸೊನ್ನೆ ಎಂದರೆ ಕಗ್ಗತ್ತಲು, ನಾಲ್ಕು ಎಂದರೆ ಹೊಳೆಯುವ ತಾಮ್ರ. ಪ್ರತಿಯೊಬ್ಬರೂ ಗುಟ್ಟಾಗಿ ಅಂಕ ಬರೆದು ಆಮೇಲೆ ಹೋಲಿಸಿ, ಜಗಳ ಚೆನ್ನಾಗಿರುತ್ತದೆ.

ಇನ್ನೊಂದು ಲೆಕ್ಕ ರೈತರಿಗೆ ರುಚಿಸಬಹುದು. ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರು ನಿಲ್ಲುತ್ತಾನೆ, ಸೂರ್ಯ ಆರು ತಿಂಗಳ ಹಿಂದೆ ಇದ್ದ ಜಾಗದಲ್ಲಿ. ಆ ರಾತ್ರಿ ಚಂದ್ರನಿರುವುದು ಆರಿದ್ರದಲ್ಲಿ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎನ್ನುತ್ತೇವಲ್ಲ, ಜೂನ್ ಕೊನೆಯ ಆ ಮಳೆಯ ನಕ್ಷತ್ರ ಇದೇ.

ಫೋಟೊ ಬೇಕೆನ್ನುವವರು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟೈಮರ್ ಇಟ್ಟು, ಬೇಗ ಮುಗಿಸಿ. ಬೈನಾಕ್ಯುಲರ್ ಇದ್ದರೆ ಪೂರ್ಣತೆ ಮುಗಿಯುವ 10.58ರ ಆಸುಪಾಸಿನಲ್ಲಿ ಅಂಚಿನ ತೆಳು ನೀಲಿ ಹುಡುಕಿ. ಅದು ಓಝೋನ್ ಪದರ ಕೊಟ್ಟ ಬಣ್ಣ. 12.06ಕ್ಕೆ ಗಾಢ ನೆರಳು ಸರಿಯುವಷ್ಟರಲ್ಲಿ ಹೊಸ ವರ್ಷದ ಪಟಾಕಿ ಮುಗಿಯುತ್ತಾ ಬಂದಿರುತ್ತದೆ.

ಇದೇ ಸರಣಿಯ ಗ್ರಹಣ 18 ವರ್ಷ ಚಿಲ್ಲರೆ ದಿನಕ್ಕೊಮ್ಮೆ, ಸುಮಾರು ಎಂಟು ಗಂಟೆ ತಡವಾಗಿ ಮರಳುತ್ತದೆ. 2010ರ ಡಿಸೆಂಬರ್ 21ರಂದು ಬಂದಾಗ ನಮ್ಮಲ್ಲಿ ಮಧ್ಯಾಹ್ನ. ಮುಂದಿನದು 2047ರ ಜನವರಿ 12ರ ಮುಂಜಾನೆ, ಚಂದ್ರ ಮುಳುಗುವ ಹೊತ್ತಿಗೆ. ಅದಕ್ಕೆ ಪಡುವಣ ದಿಕ್ಕು ಬಯಲಾಗಿರಬೇಕು. ಆ ಸಲ ಮಲೆನಾಡಿನವರೇ ಅರಸೀಕೆರೆಯ ನೆಂಟರ ಮನೆ ಹುಡುಕಬೇಕಾದೀತು.