ಫಿನಿಶ್‌ನಲ್ಲಿ ನಮ್ಮಿಬ್ಬರ ನಡುವೆ ರೇಸ್ ಬೇಡ: ನನ್ನ ಅನುಭವ

ಜೊತೆಯಲ್ಲೇ ಅಭ್ಯಾಸ ಮಾಡುವ ಇಬ್ಬರು ಮ್ಯಾರಥಾನ್‌ನ ಕೊನೆಯಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೋಗಬಾರದು. ನಾನು ಹೀಗಂದಾಗ ಕ್ಲಬ್ಬಿನಲ್ಲಿ ನಕ್ಕವರೇ ಜಾಸ್ತಿ. "ಹಾಗಾದ್ರೆ ರೇಸಿಗೆ ಯಾಕೆ, ವಾಕಿಂಗ್ ಹೋಗಿ" ಅಂದರು ಒಬ್ಬರು. ಕೋಚ್ ನಗಲಿಲ್ಲ. ಆದರೆ ಪಕ್ಕದಲ್ಲಿ ಎದುರಾಳಿ ಇಲ್ಲದಿದ್ದರೆ ಇಬ್ಬರೂ ಒಂದೆರಡು ನಿಮಿಷ ಕಳೆದುಕೊಳ್ಳುತ್ತೀರಿ ಎಂದು ಖಡಾಖಂಡಿತವಾಗಿ ಹೇಳಿದರು. ಈಗ ಇಬ್ಬರ ಪಿಬಿಯೂ (ಈವರೆಗಿನ ಅತ್ಯುತ್ತಮ ಟೈಮ್) ಒಂದೇ ರೇಸಿನಲ್ಲಿ ಬಂದಿದೆ. ಇಬ್ಬರೂ ಮೂರು ಗಂಟೆಯ ಒಳಗೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ನನ್ನ ಜೊತೆ ಅಭ್ಯಾಸ ಮಾಡುವ ಗೆಳೆಯನೂ 45 ದಾಟಿದವರು. ಅವನ ಹಳೆಯ ಪಿಬಿ 3:02ರ ಆಸುಪಾಸು, ನನ್ನದು 3:03. ಅಂದರೆ ಹೆಚ್ಚುಕಡಿಮೆ ಒಂದೇ. ತೊಂದರೆ ಇದ್ದದ್ದೂ ಅಲ್ಲೇ. ಪ್ರತಿ ರೇಸಿನಲ್ಲೂ 30 ಕಿ.ಮೀ. ತನಕ ಜೊತೆಯಲ್ಲಿ ಚೆನ್ನಾಗಿ ಓಡುತ್ತಿದ್ದೆವು. ಆಮೇಲೆ ನಾಟಕ ಶುರು. ನಾನು ಅವನ ಭುಜದ ಹಿಂದೆ ಅಡಗುವುದು, ಅದು ಗೊತ್ತಾಗಿ ಅವನು ನಿಧಾನ ಮಾಡುವುದು. ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಲು ಇಬ್ಬರಿಗೂ ಇಷ್ಟವಿಲ್ಲ. ಕೊನೆಯ ಸ್ಪ್ರಿಂಟಿಗೆ ಕಾಲು ಉಳಿಸಿಕೊಳ್ಳಬೇಕಲ್ಲ! 4:15ರ ಪೇಸ್ (ಒಂದು ಕಿ.ಮೀ.ಗೆ 4 ನಿಮಿಷ 15 ಸೆಕೆಂಡ್) 4:30ಕ್ಕೆ ಇಳಿಯುತ್ತಿತ್ತು. 10 ಕಿ.ಮೀ.ಗೆ ಲೆಕ್ಕ ಹಾಕಿ, ಎರಡೂವರೆ ನಿಮಿಷ. ಕೊನೆಗೆ ಒಬ್ಬ ಇನ್ನೊಬ್ಬನನ್ನು ಸೋಲಿಸುತ್ತಿದ್ದದ್ದು ಐದಾರು ಸೆಕೆಂಡಿನಿಂದ. ಆ ಐದಾರು ಸೆಕೆಂಡಿನ ಖುಷಿಗೆ ಇಬ್ಬರೂ ಎರಡೂವರೆ ನಿಮಿಷ ದಂಡ ಕಟ್ಟುತ್ತಿದ್ದೆವು.

ಕೋಚ್‌ಗೆ ನಾನು ಹೇಳಿದ್ದು ಇಷ್ಟೇ: "ಸರ್, ಸ್ಪ್ರಿಂಟ್ ಇಲ್ಲ ಅಂತ ಮೊದಲೇ ಗೊತ್ತಿದ್ರೆ ಯಾರೂ ಕಾಲು ಉಳಿಸಲ್ಲ. ಇರೋದೆಲ್ಲ 30ರಿಂದ 40ರ ಒಳಗೇ ಖರ್ಚಾಗತ್ತೆ." ಅವರು ಒಪ್ಪಲಿಲ್ಲ. ನಾನು 1972ರ ಉದಾಹರಣೆ ಕೊಟ್ಟೆ. ಯೂಜೀನ್‌ನಲ್ಲಿ ನಡೆದ ಅಮೆರಿಕದ ಒಲಿಂಪಿಕ್ ಟ್ರಯಲ್ಸ್‌ನಲ್ಲಿ ಫ್ರಾಂಕ್ ಶಾರ್ಟರ್, ಕೆನ್ನಿ ಮೂರ್ ಇಬ್ಬರೂ 2:15:58ಕ್ಕೆ ಜೊತೆಯಾಗಿ ಗೆರೆ ದಾಟಿದರು. ಅವರ ಹಿಂದೆ ಇನ್ನೂ ಚೆಂದದ ಕಥೆ ನಡೆದಿತ್ತು. ಜೆಫ್ ಗ್ಯಾಲೊವೇ ಆಗಲೇ 10,000 ಮೀಟರ್‌ಗೆ ಆಯ್ಕೆಯಾಗಿದ್ದ. ಅವನು ತನ್ನ ಕ್ಲಬ್ಬಿನ ಜ್ಯಾಕ್ ಬ್ಯಾಚೆಲರ್ ಜೊತೆ ಓಡಿ, ಕೊನೆಯಲ್ಲಿ ತಾನು ಹಿಂದೆ ಸರಿದು ಮೂರನೇ ಜಾಗ ಅವನಿಗೆ ಬಿಟ್ಟ. ತಂಡಕ್ಕೆ ಬೇಕಾಗಿದ್ದದ್ದು ಮೂರೇ ಜನ. ಮ್ಯೂನಿಕ್‌ನಲ್ಲಿ ಶಾರ್ಟರ್ ಚಿನ್ನ ಗೆದ್ದ, ಮೂರ್ ನಾಲ್ಕನೆಯವನಾದ, ಬ್ಯಾಚೆಲರ್ ಒಂಬತ್ತನೆಯವನು. ಮೆತ್ತಗಿನವರು ಮಾಡುವ ಕೆಲಸವಾ ಇದು?

ಕೋಚ್ ಬಿಡಲಿಲ್ಲ, 2016ರ ರಿಯೊ ಒಲಿಂಪಿಕ್ಸ್ ಮಾತೆತ್ತಿದರು. ಜರ್ಮನಿಯ ಅವಳಿ ಸೋದರಿಯರು ಅನ್ನಾ ಮತ್ತು ಲೀಸಾ ಹಾನರ್ ಕೈಕೈ ಹಿಡಿದು 81, 82ನೆಯವರಾಗಿ ಮುಗಿಸಿದರು. ಅವರ ದೇಶದ ಅಥ್ಲೆಟಿಕ್ಸ್ ಸಂಸ್ಥೆಯೇ ಅವರನ್ನು ಟೀಕಿಸಿತು. ಸರಿ, ಆದರೆ ಅದೇ ರೇಸಿನಲ್ಲಿ ಉತ್ತರ ಕೊರಿಯಾದ ಅವಳಿಗಳು ಇಬ್ಬರೂ 2:28:36ಕ್ಕೆ ಮುಗಿಸಿ 10 ಮತ್ತು 11ನೆಯವರಾದರು. ಜೊತೆಯಲ್ಲಿ ಓಡುವುದರಿಂದ ಯಾರೂ ನಿಧಾನ ಆಗುವುದಿಲ್ಲ. ಯಾವ ಪೇಸಿನಲ್ಲಿ ಜೊತೆಯಾಗಿದ್ದೀರಿ ಅನ್ನುವುದೇ ಮುಖ್ಯ.

ಮೊದಲ ಸಲ ನಮ್ಮ ಒಪ್ಪಂದ ಬರೀ ಬಾಯಿಮಾತು. "ಜೊತೆಗೇ ಮುಗಿಸೋಣ" ಅಂದುಕೊಂಡಿದ್ದೆವು, ಅಷ್ಟೇ. 34ರ ಹತ್ತಿರ ಅವನ ಮೀನಖಂಡ ಹಿಡಿಯಿತು. ನಾನು ನಿಂತೆ. ಅವನು ಹಿಗ್ಗಿಸಿಕೊಂಡ, ನಾಲ್ಕು ಹೆಜ್ಜೆ ಓಡಿದ, ಮತ್ತೆ ಹಿಡಿಯಿತು. ಅಷ್ಟರಲ್ಲಿ ನಿಂತುಕೊಂಡಿದ್ದ ನನ್ನ ತೊಡೆಯೂ ಗಟ್ಟಿಯಾಯಿತು. ಇಬ್ಬರೂ 3:15 ದಾಟಿ ಬಂದೆವು. ಕ್ಲಬ್ಬಿನಲ್ಲಿ ಒಂದು ತಿಂಗಳು ಇದೇ ತಮಾಷೆ. ಅಲ್ಲಿಂದ ಮೊದಲ ಷರತ್ತು ಬಂತು: ಕಾಯುವ ಹಾಗಿಲ್ಲ. ಹಿಂದೆ ಬಿದ್ದವನು "ಹೋಗು" ಅನ್ನಬೇಕು, ಮುಂದಿರುವವನು ತಿರುಗಿ ನೋಡದೆ ಹೋಗಬೇಕು.

ಎರಡನೇ ಷರತ್ತು ಬಂದದ್ದು ಇನ್ನೊಂದು ರೇಸಿನಲ್ಲಿ. 41ರ ಬೋರ್ಡ್ ದಾಟಿ ಹಾಯಾಗಿ ಹೋಗುತ್ತಿದ್ದೆವು. ಹಿಂದಿನಿಂದ ಒಬ್ಬರು ಬಂದರು, ಬಿಳಿ ಕ್ಯಾಪ್, ಏದುಸಿರು ಹತ್ತು ಮೀಟರ್ ದೂರದಿಂದಲೇ ಕೇಳಿಸುತ್ತಿತ್ತು. ಇಬ್ಬರೂ ಅಲ್ಲಾಡಲಿಲ್ಲ. ನಮ್ಮೊಳಗೆ ರೇಸ್ ಇಲ್ಲ ಅನ್ನುವುದು ತಲೆಯಲ್ಲಿ ಕೂತು, ಯಾರ ಜೊತೆಗೂ ರೇಸ್ ಇಲ್ಲ ಅನ್ನುವ ಹಾಗೆ ಆಗಿತ್ತು. ಅವರು ನಮ್ಮ ವಯಸ್ಸಿನ ಕೆಟಗರಿಯ ಮೂರನೇ ಬಹುಮಾನ ತೆಗೆದುಕೊಂಡು ಹೋದರು. ಈಗ ನಿಯಮ ಸ್ಪಷ್ಟ. ಒಪ್ಪಂದ ನಮ್ಮಿಬ್ಬರ ನಡುವೆ ಮಾತ್ರ. ಮೂರನೆಯವರು ಯಾರೇ ಬಂದರೂ ಇಬ್ಬರೂ ಬೆನ್ನು ಹತ್ತಬೇಕು. ಆಗ ಜೊತೆ ತಪ್ಪಿದರೂ ಬೇಜಾರಿಲ್ಲ.

ಇನ್ನು ದುಡ್ಡು. ಇದನ್ನು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಜಗಳ ಆಗುವುದೂ ಇದಕ್ಕೇ. ಏಜ್ ಕೆಟಗರಿಯಲ್ಲಿ ಎರಡನೇ ಬಹುಮಾನ ಸಾಮಾನ್ಯವಾಗಿ ಮೊದಲನೆಯದರ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಇರುತ್ತದೆ. ಒಂದು ಹೆಜ್ಜೆಗೆ ಅಷ್ಟು ವ್ಯತ್ಯಾಸ. 42.195 ಕಿ.ಮೀ. ಓಟದ ಕೊನೆಯ 195 ಮೀಟರ್‌ನಲ್ಲಿ ಆ ಲೆಕ್ಕ ತಲೆಗೆ ಬಂದರೆ ಎಂಥ ಗೆಳೆತನವೂ ಅಲ್ಲಾಡುತ್ತದೆ. ನಾವು ಮಾಡಿದ್ದು ಹೀಗೆ: ಯಾರಿಗೆ ಏನೇ ಬರಲಿ, ಒಂದೇ ಕಡೆ ಹಾಕುವುದು. ಅದರಿಂದ ಮೊದಲು ಇಬ್ಬರ ಎಂಟ್ರಿ ಫೀ, ಪ್ರಯಾಣ, ರೂಮು ಕಳೆಯುವುದು. ಉಳಿದದ್ದು ಅರ್ಧ ಅರ್ಧ. ಒಬ್ಬ ಅರ್ಧಕ್ಕೇ ಬಿಟ್ಟರೂ ಅದೇ ಲೆಕ್ಕ. ಶೂ ಮಾತ್ರ ಅವರವರ ಖರ್ಚು, ಯಾಕೆಂದರೆ ಅವನಿಗೆ ಪ್ರತಿ ಸೀಸನ್ನಿಗೆ ಹೊಸ ಕಾರ್ಬನ್ ಶೂ ಬೇಕು, ನನಗೆ ಹಳೆಯದೇ ಸಾಕು. ಮೊದಲ ವರ್ಷ ಬಹುಮಾನಕ್ಕಿಂತ ಖರ್ಚೇ ಮೂರು ಪಟ್ಟು. ಒಂದು ಕಡೆ ಆಯೋಜಕರು ಬಹುಮಾನದ ದುಡ್ಡು ಕೊಡಲು ತಿಂಗಳುಗಟ್ಟಲೆ ಅಲೆಸಿದರು. ಈ ವರ್ಷ ಮೊದಲ ಸಲ ಖರ್ಚು ಹುಟ್ಟಿ ಸ್ವಲ್ಪ ಮಿಕ್ಕಿದೆ.

ಒಂದು ಗೆರೆ ನಾವು ದಾಟುವುದಿಲ್ಲ. ಇನ್ನೊಬ್ಬ ಗೆಲ್ಲಲಿ ಎಂದು ಬೇಕಂತಲೇ ನಿಧಾನ ಮಾಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬೀಜಿಂಗ್ ಹಾಫ್ ಮ್ಯಾರಥಾನ್‌ನಲ್ಲಿ ಮೂವರು ಓಟಗಾರರು ಚೀನಾದ ಹೆ ಜೀ ಮುಂದೆ ಹೋಗಲಿ ಎಂದು ಜಾಗ ಬಿಟ್ಟರು. ನಾಲ್ವರ ಪದಕ, ಬಹುಮಾನ ಎರಡೂ ವಾಪಸ್ ಹೋದವು. ಗ್ಯಾಲೊವೇ ಬಿಟ್ಟುಕೊಟ್ಟದ್ದಾದರೂ ತಂಡದ ಜಾಗ, ಅಲ್ಲಿ ಬಹುಮಾನದ ದುಡ್ಡಿನ ಮಾತಿರಲಿಲ್ಲ.

ಜೊತೆಯಾಗಿ ಗೆರೆ ದಾಟಿದರೆ ಟೈ ಆಯಿತು ಅಂದುಕೊಳ್ಳಬೇಡಿ. 1981ರ ಮೊದಲ ಲಂಡನ್ ಮ್ಯಾರಥಾನ್‌ನಲ್ಲಿ ಡಿಕ್ ಬಿಯರ್ಡ್ಸ್‌ಲಿ, ಇಂಗೆ ಸಿಮೊನ್ಸನ್ ಕೈ ಹಿಡಿದು 2:11:48ಕ್ಕೆ ಬಂದರು, ಇಬ್ಬರನ್ನೂ ವಿಜೇತರು ಎಂದರು. ಈಗ ಪ್ರತಿಯೊಬ್ಬರ ಸಮಯವನ್ನೂ ಬೇರೆಯಾಗಿ ಅಳೆಯುವ ಚಿಪ್ ಇದೆ. ನಮಗೆ ಬೇಕಾದದ್ದು ಚಿಪ್ ಟೈಮ್ (ಶುರುವಿನ ಮ್ಯಾಟಿನಿಂದ ಕೊನೆಯ ಮ್ಯಾಟಿನ ತನಕದ ಸಮಯ) ಆಗಿದ್ದರೆ ಶುರುವಿನ ಮ್ಯಾಟನ್ನೂ ಜೊತೆಯಲ್ಲೇ ದಾಟಬೇಕು. ನೀವು ನಾಲ್ಕು ಸೆಕೆಂಡ್ ಮೊದಲು ಹೊರಟಿದ್ದರೆ, ಕೊನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಬಂದರೂ ನೀವೇ ನಾಲ್ಕು ಸೆಕೆಂಡ್ ಹಿಂದೆ. ನಾವು ಶುರುವಿನಲ್ಲೂ ಪಕ್ಕಪಕ್ಕ ನಿಲ್ಲುತ್ತೇವೆ. ನೀವು ಓಡುವ ರೇಸಿನಲ್ಲಿ ಬಹುಮಾನಕ್ಕೆ ಗನ್ ಟೈಮಾ (ಗನ್ ಹಾರಿದಾಗಿನಿಂದ ಎಣಿಸುವುದು) ಚಿಪ್ ಟೈಮಾ ಅಂತ ಬಿಬ್ (ಎದೆಗೆ ಹಚ್ಚಿಕೊಳ್ಳುವ ನಂಬರ್) ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ.

ಕೈ ಹಿಡಿಯುವುದನ್ನೂ ಒಂದು ಹಾಫ್‌ನಲ್ಲಿ ನೋಡಿದೆವು. ಫೋಟೋ ಚೆನ್ನಾಗಿ ಬಂತು. ಆದರೆ ಒಂದೊಂದು ಕೈ ಕಟ್ಟಿಹಾಕಿದ ಹಾಗೆ, ಹೆಜ್ಜೆ ಒಂದಕ್ಕೊಂದು ಕೂಡುವುದಿಲ್ಲ, ಅವನ ಹಿಮ್ಮಡಿ ನನ್ನ ಮೊಣಕಾಲ ಕೆಳಗೆ ಬಡಿಯಿತು. ಅಲ್ಲಿಗೆ ಮುಗಿಯಿತು.

ಅಕ್ಕಪಕ್ಕ ಓಡುವುದರಲ್ಲಿ ಇನ್ನೊಂದು ಸೋರಿಕೆ ಇದೆ. ಮ್ಯಾರಥಾನ್ ದಾರಿಯನ್ನು ಅಳೆಯುವುದು ತಿರುವಿನ ಒಳಅಂಚಿಗೆ ತೀರಾ ಹತ್ತಿರ. ಒಂದು ಮೀಟರ್ ಹೊರಗೆ ಇರುವವನು ಪ್ರತಿ ಯೂ ಟರ್ನಿಗೆ ಮೂರು ಮೀಟರ್ ಜಾಸ್ತಿ ಓಡುತ್ತಾನೆ. ತಿರುವು ತುಂಬಾ ಇರುವ ದಾರಿಯಲ್ಲಿ ಇದು ಚಿಲ್ಲರೆ ಅಲ್ಲ. ನನ್ನ ವಾಚ್ ಯಾವಾಗಲೂ 42.5 ತೋರಿಸುತ್ತಿತ್ತು. ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಲು ಶುರು ಮಾಡಿದ ಮೇಲೆ 42.3ರ ಹತ್ತಿರ ಬಂತು. ಮುಂದೆ ಓಡುವ ಸರದಿಯನ್ನು ಮೊದಲು ಕಿ.ಮೀ.ಗೊಮ್ಮೆ ಬದಲಿಸಿದೆವು, ಬದಲಿಸುವುದರಲ್ಲೇ ಪೇಸ್ ಹೋಗುತ್ತಿತ್ತು. ಈಗ ಎರಡು ಕಿ.ಮೀ.

ವಾಚ್ ಬಗ್ಗೆಯೂ ಒಂದು ಪ್ರಯೋಗ: ಒಬ್ಬನೇ ಕಟ್ಟಿಕೊಳ್ಳುವುದು, 5 ಕಿ.ಮೀ.ಗೊಮ್ಮೆ ಮಾತ್ರ ಕೂಗಿ ಹೇಳುವುದು. ನನಗೆ ತುಂಬಾ ಹಿಡಿಸಿತು. ಅವನಿಗೆ ವಾಚ್ ಇಲ್ಲದೆ ಕೈ ಬೋಳು ಅನ್ನಿಸಿತಂತೆ, ಬಿಟ್ಟೆವು. ಮೂರನೆಯವರನ್ನು ಸೇರಿಸಿಕೊಳ್ಳುವ ಪ್ರಯೋಗವೂ ಆಯಿತು. ಅವರದು 4:10ರ ಪೇಸ್, ನಮ್ಮದು 4:15. 25ಕ್ಕೇ ಮೂವರೂ ಸುಸ್ತು.

ರೇಸಿಗೆ ಮೂರು ವಾರ ಮುಂಚೆ ಇಬ್ಬರೂ ಸೇರಿ ಮಾಡುವ ಒಂದು ಲಾಂಗ್ ರನ್ ಇದೆ. ಕೊನೆಯ ಭಾಗದಲ್ಲಿ ಏನು ಮಾಡುತ್ತೇವೆ ಅಂತ ಬರೆಯಲ್ಲ. 38ರಲ್ಲಿ ಒಬ್ಬರಿಗೊಬ್ಬರು ಹೇಳುವ ಮಾತೂ ನಮ್ಮಲ್ಲೇ ಇರಲಿ. ನಮ್ಮ ಕೆಟಗರಿಯವರೂ ಇದನ್ನು ಓದುತ್ತಾರೆ, ಅಲ್ವಾ?

ಪಿಬಿ ಬಂದ ಆ ರೇಸಿನಲ್ಲಿ 30 ದಾಟಿದಾಗ 4:14ರಲ್ಲಿದ್ದೆವು. 35ರಲ್ಲೂ ಅದೇ. ಯಾರೂ ಯಾರ ಹಿಂದೆಯೂ ಅಡಗಲಿಲ್ಲ. 37ರಲ್ಲಿ ಎದುರುಗಾಳಿ, ಸರದಿ ಅವನದು, ಹಲ್ಲು ಕಚ್ಚಿ ಎಳೆದ. 40 ಆದ ಮೇಲೆ ಮುಂದೆ ಬಿಳಿ ಕ್ಯಾಪ್ ಕಂಡಿತು. ಹೌದು, ಅವರೇ. ಇಬ್ಬರೂ ಬೆನ್ನು ಹತ್ತಿದೆವು, 41ರ ಸುಮಾರಿಗೆ ಎರಡೂ ಪಕ್ಕದಿಂದ ದಾಟಿದೆವು. ಕೊನೆಯ 195 ಮೀಟರ್ ನಾನು ಬಲಕ್ಕೆ, ಅವನು ಎಡಕ್ಕೆ. ನನ್ನಲ್ಲಿ ಇನ್ನೊಂದು ಹೆಜ್ಜೆ ಉದ್ದ ಹಾಕುವ ಶಕ್ತಿಯೂ ಇರಲಿಲ್ಲ, ಅವನಲ್ಲೂ ಇರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

2:58 ಚಿಲ್ಲರೆ. ರಸ್ತೆ ಓಟದಲ್ಲಿ ಸೆಕೆಂಡಿನ ಚೂರನ್ನು ಮೇಲಿನ ಪೂರ್ಣ ಸೆಕೆಂಡಿಗೆ ಏರಿಸುತ್ತಾರೆ, ಹಾಗಾಗಿ ಪಟ್ಟಿಯಲ್ಲಿ ಇಬ್ಬರದೂ ಒಂದೇ ಟೈಮ್. ಹೆಸರು ಮಾತ್ರ ಅವನದು ಮೇಲೆ, ಚೂರಿನ ಲೆಕ್ಕ ಯಂತ್ರದ ಹತ್ತಿರ ಇರುತ್ತಲ್ಲ. ಮೊದಲ, ಎರಡನೇ ಬಹುಮಾನ ಎರಡೂ ನಮ್ಮದೇ. ದುಡ್ಡು ಬಂದ ದಿನವೇ ಹಂಚಿಕೊಂಡೆವು.

ಕೋಚ್ ಈಗ ಕ್ಲಬ್ಬಿನ ಇನ್ನಿಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಇಬ್ಬರೂ 2:50ರ ಆಸೆಯವರು, ನಮಗಿಂತ ಗಟ್ಟಿಗರು. ಬಹುಮಾನದ ಹಂಚಿಕೆ ಮಾತಾಡಿಕೊಂಡು ಬನ್ನಿ, ಆಮೇಲೆ ಪೇಸ್ ವಿಚಾರ ಅಂದಿದ್ದೇನೆ. ಇನ್ನೂ ಮಾತಾಡಿಲ್ಲವಂತೆ.