ಹಿಮಸಾರಂಗ ನೋಡಲು ಯಾವ ತಿಂಗಳು ಹೊರಡಬೇಕು?

ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್‌ಗೆ ಟಿಕೆಟ್ ಮಾಡಿಸುವ ಮುನ್ನ ಒಂದು ವಿಷಯ ತೀರ್ಮಾನವಾಗಲಿ. ಹಿಮದ ಮೇಲೆ ಗಾಡಿ ಎಳೆಯುವ ಹಿಮಸಾರಂಗ (ರೈನ್‌ಡೀರ್) ಬೇಕೋ, ತಾಯಿಯ ಹಿಂದೆ ಓಡುವ ಮರಿ ಬೇಕೋ, ದೊಡ್ಡ ಕೊಂಬಿನ ಗಂಡು ಬೇಕೋ? ಮೂರೂ ಒಂದೇ ತಿಂಗಳಲ್ಲಿ ಸಿಗುವುದಿಲ್ಲ.

ಫಿನ್ಲೆಂಡಿನ ಉತ್ತರ ಭಾಗದಲ್ಲಿ ಸುಮಾರು 2 ಲಕ್ಷ ಹಿಮಸಾರಂಗಗಳಿವೆ. ಬೇಲಿಯಿಲ್ಲದ ಕಾಡಿನಲ್ಲಿ ಮೇಯುತ್ತಿದ್ದರೂ ಅಲ್ಲಿ ಪ್ರತಿಯೊಂದಕ್ಕೂ ಮಾಲೀಕರಿದ್ದಾರೆ. ಕಿವಿಯ ಅಂಚಿನಲ್ಲಿ ಚಾಕುವಿನಿಂದ ಮಾಡಿದ ಕಚ್ಚುಗಳೇ ಗುರುತು.

ಚಳಿಗಾಲ

ಗಾಡಿ ಸವಾರಿಗೆ ರೊವಾನಿಯೆಮಿ ಅಥವಾ ಅದಕ್ಕಿಂತ ಸುಮಾರು 325 ಕಿ.ಮೀ. ಉತ್ತರದ ಇನಾರಿ. ಎಲ್ಲರೂ ಡಿಸೆಂಬರ್ ಹಿಡಿಯುತ್ತಾರೆ. ಆಗ ಇನಾರಿಯಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ನಮ್ಮ ಸಲಹೆ ಮಾರ್ಚ್: ಹಿಮವೂ ಇರುತ್ತದೆ, ಬೆಳಕೂ ಇರುತ್ತದೆ. ಗಾಡಿಯಲ್ಲಿ ಅಲ್ಲಾಡದೆ ಕೂತಾಗ ನಡೆಯುವಾಗಿನದಕ್ಕಿಂತ ಹೆಚ್ಚು ಚಳಿ ಹಿಡಿಯುತ್ತದೆ. ಒಳಗೆ ಉಣ್ಣೆಯ ಬಟ್ಟೆ ಹಾಕಿ, ಹತ್ತಿ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಬೂಟು ಒಂದು ಸೈಜ್ ದೊಡ್ಡದಿರಲಿ, ಬಿಗಿಯಾದರೆ ಬೆರಳು ಮರಗಟ್ಟುತ್ತವೆ.

ಗಾಡಿಗೆ ಸಾಮಾನ್ಯವಾಗಿ ಕಟ್ಟುವುದು ಬೀಜ ಒಡೆದ ಗಂಡುಗಳನ್ನು, ನಮ್ಮಲ್ಲಿ ಎತ್ತುಗಳಂತೆ. ನಮ್ಮ ಕಡವೆ, ಜಿಂಕೆಗಳಲ್ಲಿ ಕೊಂಬು ಗಂಡಿಗೆ ಮಾತ್ರ. ಇಲ್ಲಿ ಹೆಣ್ಣಿಗೂ ಇದೆ. ಬೆದೆಯ ಕಾಲ ಮುಗಿದ ಮೇಲೆ ಬಲಿತ ಗಂಡುಗಳ ಕೊಂಬು ಉದುರುತ್ತದೆ. ಆದರೆ ಬಸುರಿ ಹೆಣ್ಣುಗಳು ವಸಂತದವರೆಗೆ ಉಳಿಸಿಕೊಳ್ಳುತ್ತವೆ. ಹಿಮ ಬಗೆದು ಮಾಡಿಕೊಂಡ ಮೇವಿನ ಗುಂಡಿಯನ್ನು ಬೇರೆಯವು ಕಿತ್ತುಕೊಳ್ಳದಂತೆ ಕಾಯಲು ಅದು ಬೇಕು. ಮೇವೆಂದರೆ ಮುಖ್ಯವಾಗಿ ನೆಲದ ಮೇಲೆ ಬೆಳೆಯುವ ಲೈಕನ್, ನಮ್ಮ ಮಸಾಲೆಯ ಕಲ್ಲುಹೂವಿನ ಬಳಗದ್ದು. ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದರೆ ಗೊರಸಿನಿಂದ ಒಡೆಯಲಾಗುವುದಿಲ್ಲ. ಆಗ ಹಿಂಡು ಹಸಿದು ಸಾಯಬಹುದು. ಸಾಕುವವರು ಹುಲ್ಲು ಹೊತ್ತು ತಂದು ಹಾಕಬೇಕಾಗುತ್ತದೆ.

ಹಿಮಸಾರಂಗ ನಡೆಯುವಾಗ ಅದರ ಕಾಲಿನತ್ತ ಕಿವಿಗೊಡಿ. ಹೆಜ್ಜೆ ಇಟ್ಟಾಗಲೆಲ್ಲ ಟಕ್ ಟಕ್ ಎನ್ನುತ್ತದೆ. ಪಾದದ ಸ್ನಾಯುರಜ್ಜು ಮೂಳೆಯ ಮೇಲೆ ಜಾರುವ ಸದ್ದು ಅದು. ಕಣ್ಣಿನ ಒಳಪದರ ಚಳಿಗಾಲದಲ್ಲಿ ನೀಲಿ, ಬೇಸಿಗೆಯಲ್ಲಿ ಹೊನ್ನಿನ ಬಣ್ಣ.

ಸ್ವೀಡನ್ನಿನ ಯೊಕ್‌ಮೊಕ್‌ನಲ್ಲಿ 1605ರಿಂದ ನಡೆಯುತ್ತಿರುವ ಸಂತೆ ಫೆಬ್ರವರಿ ಮೊದಲ ಗುರುವಾರ ಶುರುವಾಗುತ್ತದೆ. ಹಿಮಸಾರಂಗ ಸಾಕುವ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಕೈಕೆಲಸ ನೋಡಲು ಅದೇ ಜಾಗ. ಕೋಣೆ ತುಂಬ ಮೊದಲೇ ಕಾಯ್ದಿರಿಸಿ.

ಮೇ–ಜುಲೈ

ಮೇ ತಿಂಗಳು ಈಯುವ ಕಾಲ. ಆಗ ಬಯಲಿನ ಹಿಂಡಿನ ಹತ್ತಿರ ಸುಳಿಯಲೇಬೇಡಿ: ಬೆದರಿದ ತಾಯಿ ಮರಿಯನ್ನು ಬಿಟ್ಟು ಓಡಿಬಿಡಬಹುದು. ಮರಿ ನೋಡಲೇಬೇಕೆಂದರೆ ಸಾಕುವವರ ಜೊತೆಯಲ್ಲೇ ಅವರ ಆವರಣಕ್ಕೆ ಹೋಗಿ. ಜೂನ್, ಜುಲೈನಲ್ಲಿ ಸೊಳ್ಳೆ, ನೊಣದ ಕಾಟಕ್ಕೆ ಹಿಂಡು ಗಾಳಿಯಾಡುವ ಬೋಳು ಗುಡ್ಡ ಹತ್ತುತ್ತದೆ, ಇಲ್ಲವೇ ಡಾಂಬರು ರಸ್ತೆಯ ನಡುವೆ ನಿಲ್ಲುತ್ತದೆ. ಈ ಕಾಲದ ಕೊಂಬು ಮಖಮಲ್ಲಿನಂಥ ತೊಗಲು ಹೊದ್ದಿರುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ. ಮುಟ್ಟಿದರೆ ನೋವಾಗಬಹುದು.

ಸೆಪ್ಟೆಂಬರ್

ಫೋಟೊಗೆ ಇದೇ ಒಳ್ಳೆಯ ತಿಂಗಳು. ಆ ತೊಗಲು ಕಳಚಿ ರಕ್ತಸಿಕ್ತ ಪಟ್ಟಿಗಳಾಗಿ ಜೋತಾಡುತ್ತದೆ, ಗಿಡಗಂಟಿಗೆ ಉಜ್ಜಿ ಉಜ್ಜಿ ಕೊಂಬು ಹೊಳಪಾಗುತ್ತದೆ. ತಿಂಗಳ ಕೊನೆಗೆ ಬೆದೆ ಶುರು, ಗಂಡಿನ ಹತ್ತಿರ ಹೋಗಬೇಡಿ.

ಕಾರು ಓಡಿಸುವವರಿಗೆ

ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಒಂದು ದಾಟಿತೆಂದು ಎಕ್ಸಿಲರೇಟರ್ ಒತ್ತಬೇಡಿ, ಹಿಂದೆ ಇನ್ನೂ ಐದಾರು ಇರುತ್ತವೆ. ವೇಗ ಇಳಿಸಿ, ಅವು ಪೂರ್ತಿ ದಾಟುವವರೆಗೆ ಕಾಯಿರಿ. ನವೆಂಬರ್, ಡಿಸೆಂಬರ್ ಕತ್ತಲಲ್ಲಿ ಅಪಾಯ ಹೆಚ್ಚು. ಡಿಕ್ಕಿಯಾದರೆ, ಪ್ರಾಣಿ ಎದ್ದು ಓಡಿದರೂ, 112ಕ್ಕೆ ಕರೆ ಮಾಡಿ ಜಾಗ ತಿಳಿಸಬೇಕು. ಗಾಯಗೊಂಡದ್ದನ್ನು ಹುಡುಕಬೇಕಲ್ಲ! ಆ ಜಾಗದಲ್ಲಿ ಏನಾದರೂ ಗುರುತು ಇಟ್ಟು ಹೊರಡಿ.

ಇನ್ನೊಂದು ಮಾತು: ‘ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ?’ ಎಂದು ಸಾಕುವವರನ್ನು ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದಂತಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇಷ್ಟು ದೂರದ ಪ್ರಯಾಣವೂ ಬೇಕಿಲ್ಲ. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಕ್ಕೆ 1952ರಲ್ಲಿ ತಂದ ಹಿಂಡಿನ ಸಂತತಿ ಅಲ್ಲೇ ಮೇಯುತ್ತಿದೆ. ಏವಿಮೋರ್‌ಗೆ ರೈಲಿದೆ, ಅಲ್ಲಿಂದ ಹಿಮಸಾರಂಗ ಕೇಂದ್ರವಿರುವ ಗ್ಲೆನ್‌ಮೋರ್ ಹತ್ತಿರ. ಬೆಟ್ಟದ ಹಿಂಡಿನ ಬಳಿಗೆ ಮಾರ್ಗದರ್ಶಕರೇ ನಡೆಸಿಕೊಂಡು ಹೋಗುತ್ತಾರೆ. ಹವೆ ಕೆಟ್ಟರೆ ಆ ದಿನದ ನಡಿಗೆ ರದ್ದಾಗಬಹುದು, ಆದ್ದರಿಂದ ಎರಡು ದಿನ ಇಟ್ಟುಕೊಂಡು ಹೋಗಿ.